ಖಾಲಿ ಡಬ್ಬಿ ಕೊಡಬಾರದು

ನಮ್ಮ ಕಡೆ ಯಾರ ಮನೆಯ ಅಡುಗೆಮನೆಗೆ ಬೇಕಾದರೂ ಹೋಗಿ ನೋಡಿ, ಅಲ್ಲಿರುವ ಡಬ್ಬಿಗಳಲ್ಲಿ ಒಂದಷ್ಟು ಆ ಮನೆಯವಲ್ಲ. ಹಾಗೆಂದು ಕದ್ದು ತಂದವೂ ಅಲ್ಲ. ಯಾರೋ ಏನನ್ನೋ ತುಂಬಿ ಕಳಿಸಿದ್ದರು, ಒಳಗಿನದು ಹೊಟ್ಟೆ ಸೇರಿ ಡಬ್ಬಿ ಉಳಿದುಕೊಂಡಿತು. ವಾಪಸು ಕೊಡಬೇಕೆಂಬುದು ಎಲ್ಲರಿಗೂ ಗೊತ್ತು, ಕೊಡುವ ಮನಸ್ಸೂ ಇದೆ. ಆದರೆ ಖಾಲಿ ಡಬ್ಬಿ ಕೊಡಬಾರದು. ತುಂಬಿ ಕೊಡೋಣವೆಂದರೆ ಅವರ ನಾಲಿಗೆಗೂ ಡಬ್ಬಿಯ ಅಳತೆಗೂ ಒಪ್ಪುವಂಥದ್ದೊಂದು ಮನೆಯಲ್ಲಿ ಆಗಬೇಕು. ಅದು ಆಗುವ ಹೊತ್ತಿಗೆ ಡಬ್ಬಿಯಲ್ಲಿ ಮೆಂತ್ಯವೋ ಸಾಸಿವೆಯೋ ಸಂಸಾರ ಹೂಡಿರುತ್ತದೆ. ಅದನ್ನು ಒಕ್ಕಲೆಬ್ಬಿಸುವುದು ಹೇಗೆ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ತಾಲ್ಲೂಕುಗಳಲ್ಲಿ ಹರಡಿಕೊಂಡಿರುವ ನಮ್ಮ ಬಳಗ ಬದುಕಿ ಬಂದದ್ದು ಈ ಒಂದು ಕಾನೂನಿನ ಮೇಲೆ. ನಮ್ಮದು ಹುಣಸೂರು ತಾಲ್ಲೂಕು. ಸೋದರತ್ತೆಯನ್ನು ಕೊಟ್ಟದ್ದು ಕೆ.ಆರ್. ನಗರದ ಕಡೆಗೆ. ಅವ್ವನನ್ನು ತಂದದ್ದು ಕೋಟೆ ಸೀಮೆಯಿಂದ. ಅಕ್ಕ ಸೇರಿದ್ದು ಪಿರಿಯಾಪಟ್ಟಣದ ಪಕ್ಕದ ಹಳ್ಳಿಗೆ. ತಾತ ಹೆಣ್ಣು ಕೊಟ್ಟು ತಂದ ಲೆಕ್ಕಾಚಾರ ನೋಡಿದರೆ ಕೃಷಿ ಇಲಾಖೆಯವರೂ ತಲೆದೂಗಬೇಕು. ಅಕ್ಕಿ ಬೆಳೆಯುವ ಕಡೆ ಮಗಳು, ಕಾಡಿನ ಅಂಚಿನಿಂದ ಸೊಸೆ, ಜೋಳ ಬೆಳೆಯುವ ಕಡೆ ಮೊಮ್ಮಗಳು. ನಮ್ಮಲ್ಲಿ ರಾಗಿ, ಅವರೆ ಇದ್ದೇ ಇದ್ದವು. ಉಪ್ಪು ಮತ್ತು ಸೀಮೆಎಣ್ಣೆ ಬಿಟ್ಟರೆ ಅಂಗಡಿಯವನ ಮುಖ ನೋಡುವ ಅಗತ್ಯ ನಮಗೆ ಅಷ್ಟಾಗಿ ಬೀಳುತ್ತಿರಲಿಲ್ಲ. ನಾಲ್ಕು ಮನೆಗಳ ನಡುವೆ ಬಸ್ಸಿನಲ್ಲಿ ಜನ ಓಡಾಡಿದ್ದಕ್ಕಿಂತ ಚೀಲಗಳು ಓಡಾಡಿದ್ದೇ ಹೆಚ್ಚು. ಹುಣಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದ ಕಂಡಕ್ಟರ್ ಸಿಕ್ಕರೆ ಸಾಕು. ಡ್ರೈವರ್ ಸೀಟಿನ ಹಿಂದೆ ಚೀಲ ಕೂರುತ್ತಿತ್ತು, ಟಿಕೆಟ್ಟಿಲ್ಲದೆ.

ಅತ್ತೆಯ ಚೀಲದಲ್ಲಿ ಅಕ್ಕಿ ಬರುತ್ತಿತ್ತು. ಚಾಮರಾಜ ನಾಲೆಯ ನೀರು ಕುಡಿದು ಬೆಳೆದ ಅಕ್ಕಿ. ಅಕ್ಕಿಯ ಜೊತೆಗೆ ಸ್ವಲ್ಪ ಜಂಬವನ್ನೂ ಕಟ್ಟಿ ಕಳಿಸುವುದು ಅವರ ಪದ್ಧತಿ. ಅದಕ್ಕೆ ಕಾರಣವೂ ಇತ್ತೆನ್ನಿ. ಕಾವೇರಿಯ ಪ್ರವಾಹದ ಕಾಟ ತಾಳಲಾರದೆ ಹಳೆಯ ಎಡತೊರೆ ದಡದಿಂದ ಈಚೆಗೆ ಸರಿದು, ಅಗಲವಾದ ನೇರ ಬೀದಿಗಳನ್ನು ಹಾಕಿಸಿಕೊಂಡು, ನಾಲ್ವಡಿಯವರ ಹೆಸರು ಇಟ್ಟುಕೊಂಡು ಕೃಷ್ಣರಾಜನಗರವಾಯಿತು. ದಡದಲ್ಲಿ ಉಳಿದವನು ಅರ್ಕೇಶ್ವರಸ್ವಾಮಿ. ಊರಿಗೆ ಮಹಾರಾಜರ ಹೆಸರು ಬೇರೆ, ಮೈಸೂರು–ಅರಸೀಕೆರೆ ರೈಲು ಬೇರೆ. ಹುಣಸೂರಿಗೆ ರೈಲಿಲ್ಲ. ಅಪ್ಪ ಏನಾದರೂ ಎದುರು ಮಾತಾಡಿದರೆ ಅತ್ತೆಯ ಉತ್ತರ ಒಂದೇ: “ಲೇ ತಮ್ಮಯ್ಯ, ಮೊದ್ಲು ನಿಮ್ಮೂರ್ಗೆ ರೈಲು ಬರ್ಲಿ, ಆಮ್ಯಾಕೆ ಮಾತಾಡು.” ಅಪ್ಪನೂ ಬಿಡುವ ಆಸಾಮಿಯಲ್ಲ. “ರೈಲು ಇಲ್ದೆ ಇದ್ರೆ ಏನಾಯ್ತಕ್ಕಾ, ಪ್ಲಾಟ್‌ಫಾರಂ ಐತಲ್ಲ!” ಎನ್ನುತ್ತಿದ್ದರು. ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗೆ ನಮ್ಮ ರೈತರು ಅನ್ನುವುದು ಪ್ಲಾಟ್‌ಫಾರಂ ಎಂದೇ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಎಲ್ಲೂ ರೈಲು ನಿಲ್ಲುವುದಿಲ್ಲ, ಎಲ್ಲ ಕಡೆಯೂ ಪ್ಲಾಟ್‌ಫಾರಂ ಇದೆ.

ಅತ್ತೆಯ ಇನ್ನೊಂದು ಆಸ್ತಿ ಚುಂಚನಕಟ್ಟೆ. ಅಲ್ಲಿನ ಕೋದಂಡರಾಮನ ಗುಡಿಯಲ್ಲಿ ಸೀತೆ ರಾಮನ ಬಲಗಡೆ ನಿಂತಿದ್ದಾಳೆ. ಪಕ್ಕದಲ್ಲೇ ಕಾವೇರಿ ಧುಮುಕುತ್ತಾಳೆ. ಹೊರಗೆ ಕಿವಿಗೆ ಅಪ್ಪಳಿಸುವ ಆ ಸದ್ದು ಗರ್ಭಗುಡಿಯೊಳಗೆ ಕೇಳುವುದಿಲ್ಲವೆಂಬುದು ಭಕ್ತರ ನಂಬಿಕೆ. ಅತ್ತೆ ಇದರಿಂದ ಎರಡು ಸಿದ್ಧಾಂತ ತೆಗೆದಿದ್ದರು. ಸೀತಮ್ಮ ಬಲಕ್ಕೆ ನಿಂತಿರುವುದರಿಂದ ತಮ್ಮ ತಾಲ್ಲೂಕಿನಲ್ಲಿ ಹೆಂಗಸರ ಮಾತು ನಡೆಯುತ್ತದೆ ಎಂಬುದು ಮೊದಲನೆಯದು. ಹೊರಗೆ ಎಷ್ಟು ಗದ್ದಲವಾದರೂ ದೇವರು ಕಿವಿಗೆ ಹಾಕಿಕೊಳ್ಳುವುದಿಲ್ಲ, ಮಾವನವರೂ ಹಾಗೇ, ಎಂಬುದು ಎರಡನೆಯದು. ಸಂಕ್ರಾಂತಿಯ ಆಸುಪಾಸಿನಲ್ಲಿ ಅಲ್ಲಿ ದನಗಳ ಜಾತ್ರೆ ನೆರೆಯುತ್ತದೆ. ಬೆಡಗಿನ ಹಳ್ಳಿಕಾರ್ ಹೋರಿಗಳ ಮುಂದೆ ಮಾವ ಗಂಟೆಗಟ್ಟಲೆ ಕೈಕಟ್ಟಿ ನಿಲ್ಲುತ್ತಿದ್ದರು, ಕೊಳ್ಳುತ್ತಿರಲಿಲ್ಲ. ಜಾತ್ರೆಯಿಂದ ಮನೆಗೆ ಬರುತ್ತಿದ್ದದ್ದು ಬೆಂಡು ಬತ್ತಾಸು, ಕಡಲೆಪುರಿ. ಅದರಲ್ಲೊಂದು ಪಾಲು ನಮ್ಮ ಮನೆಯ ಯಾವುದೋ ಹಳೆಯ ಡಬ್ಬಿಯಲ್ಲಿ ತುಂಬಿ ಹುಣಸೂರಿನ ಬಸ್ಸು ಹತ್ತುತ್ತಿತ್ತು.

ಅವ್ವನ ತವರಿನ ಚೀಲದ ಗತ್ತೇ ಬೇರೆ. ಮಳೆಗಾಲದಲ್ಲಿ ಅದರೊಳಗಿನಿಂದ ಕಳಲೆ ಇಳಿಯುತ್ತಿತ್ತು. ಎಳೆಬಿದಿರನ್ನು ಸಣ್ಣಗೆ ಹೆಚ್ಚಿ, ನೀರಲ್ಲಿ ನೆನೆಹಾಕಿ, ದಿನವೂ ನೀರು ಬದಲಿಸಿ, ಅದರ ಕಹಿ ಮತ್ತು ನಂಜು ಬಿಟ್ಟ ಮೇಲೆ ಸಾರಿಗೆ ಹಾಕಬೇಕು. ಅಷ್ಟು ದಿನವೂ ಮನೆ ತುಂಬ ಒಂದು ವಾಸನೆ. ಹೊರಗಿನವರಿಗೆ ಮೂಗು ಮುಚ್ಚುವಂತಾದರೆ ಅವ್ವನಿಗೆ ಅದರಲ್ಲಿ ತವರು ಕಾಣುತ್ತಿತ್ತು. ಕಾಡಿನ ಕಾನೂನು ಬಿಗಿಯಾದಂತೆ ಕಳಲೆ ಕಡಿಮೆಯಾಯಿತು, ಅವ್ವನ ಮೂಗು ಮಾತ್ರ ಆಷಾಢ ಬಂದರೆ ಈಗಲೂ ಆ ಕಡೆಗೇ ತಿರುಗುತ್ತದೆ. ಜೇನು ಬರುತ್ತಿತ್ತು, ಬಾಟಲಿಯ ತಳದಲ್ಲಿ ಒಂದಿಷ್ಟು ಮೇಣದ ಚೂರಿನ ಸಮೇತ. ಆ ಚೂರೇ ಅದರ ಸಾಚಾತನಕ್ಕೆ ಸರ್ಟಿಫಿಕೇಟು. ತವರಿನಿಂದ ಬಂದವರು ಚೀಲದ ಜೊತೆ ಆನೆಯ ಸುದ್ದಿಯನ್ನೂ ತರುತ್ತಿದ್ದರು. ಕಾಕನಕೋಟೆಯಲ್ಲಿ 1971ರಲ್ಲಿ ನಡೆದ, ಕಾಡಾನೆ ಹಿಡಿಯುವ ಕೊನೆಯ ಖೆಡ್ಡಾ ನೋಡಲು ಹೋಗಿದ್ದ ಅವ್ವನ ದೊಡ್ಡಪ್ಪ, ಸತ್ತು ಹೋಗುವವರೆಗೂ ಅದನ್ನೇ ಹೇಳಿದರು. ವರ್ಷ ಕಳೆದಂತೆ ಅವರ ಕಥೆಯಲ್ಲಿ ಆನೆಗಳ ಸಂಖ್ಯೆ ಏರುತ್ತಲೇ ಹೋಯಿತು. ಕೊನೆಕೊನೆಗೆ ಅವುಗಳಿಗೆ ಕಬಿನಿಯ ನೀರು ಸಾಲುತ್ತಿರಲಿಲ್ಲ.

ಕಬಿನಿ ಎಂದ ಮೇಲೆ ಒಂದು ಮಾತು ಹೇಳಲೇಬೇಕು. 1974ರಲ್ಲಿ ಬೀಚನಹಳ್ಳಿಯ ಅಣೆಕಟ್ಟು ಮುಗಿದಾಗ ಹಿನ್ನೀರಿನಲ್ಲಿ ಎಷ್ಟೋ ಊರುಗಳು ಮುಳುಗಿದವು. ಅವ್ವನ ಅಜ್ಜಿಯ ಊರೂ ಅದರಲ್ಲೊಂದು. ಮನೆ ಹೋಯಿತು, ಕಣ ಹೋಯಿತು, ಹುಣಸೆಮರ ಹೋಯಿತು. ಹುಣಸೂರಿಗೆ ಎಂದೋ ಬಂದು ಉಳಿದಿದ್ದ ಒಂದು ಹಿತ್ತಾಳೆ ಬೋಗುಣಿ ಮಾತ್ರ ಹೋಗಲಿಲ್ಲ. ಅದರ ಕಂಠದಲ್ಲಿ ಚುಕ್ಕೆ ಚುಕ್ಕೆಯಾಗಿ ಯಜಮಾನನ ಹೆಸರು, ಮುಂದೆ ಊರಿನ ಹೆಸರು. ಪಾತ್ರೆ ಅಂಗಡಿಯಲ್ಲಿ ಉಳಿಯಿಂದ ಹೆಸರು ಕುಟ್ಟುವವನಿಗೆ ತಾನು ಒಂದು ದಾಖಲೆ ಬರೆಯುತ್ತಿದ್ದೇನೆಂದು ಹೊಳೆದಿರಲಾರದು. ಹೊಸ ಜಾಗದಲ್ಲಿ ಮನೆ ಕಟ್ಟಿಕೊಂಡ ಅವ್ವನ ಸೋದರಮಾವ ಒಮ್ಮೆ ಬಂದವರು ಆ ಬೋಗುಣಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಮಾವ, ತಕೊಂಡೋಗಿ, ನಿಮ್ದೇ ಅಲ್ವಾ” ಅಂದಳು ಅವ್ವ. “ಇಲ್ಲೇ ಇರ್ಲಿ ಮಗಾ” ಅಂದರು ಅವರು, “ನಮ್ಮೂರು ಅಂತ ಒಂದು ಇತ್ತು ಅಂತ ಹೇಳಕ್ಕೆ ಬ್ಯಾರೆಯೋರ ಮನೇಲಿ ಸಾಕ್ಷಿ ಇದ್ರೆ ಒಳ್ಳೇದು.” ಅವರು ಊಟಕ್ಕೆ ಕೂತಾಗ ಅವ್ವ ಅದರಲ್ಲೇ ಸಾರು ತಂದಿಟ್ಟಳು.

ಅಕ್ಕನ ಮನೆಯಿಂದ ಬರುವ ಡಬ್ಬಿಗಳಿಗೆ ಅಂತರರಾಷ್ಟ್ರೀಯ ಸಂಪರ್ಕವಿದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ 1960ರ ದಶಕದ ಶುರುವಿನಲ್ಲಿ ಟಿಬೆಟ್ಟಿನವರು ಬಂದು ನೆಲೆಸಿದರು. ಕಾಡು ಕಡಿದು, ಜೋಳ ಬಿತ್ತಿ, ಗೊಂಪಾ ಕಟ್ಟಿಕೊಂಡು, ಚಳಿಗಾಲದಲ್ಲಿ ಊರೂರಿಗೆ ಸ್ವೆಟರ್ ಮಾರಲು ಹೋಗಿ ಬದುಕಿದರು. ಭಾವನವರ ಜಮೀನಿನ ಬದುವಿಗೆ ಅಂಥ ಒಂದು ಕುಟುಂಬದ ಬದು ತಾಗುತ್ತದೆ. ಗೌರಿಹಬ್ಬದಲ್ಲಿ ಅಕ್ಕ ಅವರಿಗೆ ಒಂದು ಡಬ್ಬಿ ಕಡುಬು ಕೊಟ್ಟಳು. ನಮ್ಮ ಕಾನೂನು ಅವರಿಗೆ ಯಾರು ಹೇಳಿಕೊಟ್ಟರೋ, ಡಬ್ಬಿ ಖಾಲಿ ಬರಲಿಲ್ಲ. ಅದರಲ್ಲಿ ಎಲೆಕೋಸಿನ ಹೂರಣದ ಮೊಮೊ ಇತ್ತು. ಆವತ್ತು ಅಲ್ಲೇ ಇದ್ದ ಅವ್ವ ಒಂದನ್ನು ಎತ್ತಿ, ಬೆಳಕಿಗೆ ಹಿಡಿದು, ಮಡಿಕೆಗಳನ್ನು ನೋಡಿ ತೀರ್ಪು ಕೊಟ್ಟಳು: “ಇದೂ ಕಡುಬೇ ಕಣವ್ವ. ಬೆಲ್ಲ ಹಾಕೋದು ಮರ್ತವ್ರೆ, ಅಷ್ಟೇಯ.” ಮುಂದಿನ ಸಲ ಅಕ್ಕ ಜ್ಞಾಪಕವಾಗಿ ಬೆಲ್ಲದ ಅಚ್ಚನ್ನೇ ಕಳಿಸಿದಳು. ಅವರು ಸ್ವೆಟರ್ ಕೊಟ್ಟರು. ಈಗ ಈ ವ್ಯವಹಾರದಲ್ಲಿ ಯಾರು ಯಾರಿಗೆ ಬಾಕಿ ಎಂದು ಹೇಳಲು ಆಡಿಟರ್ ಬೇಕು.

ಹಾಗಾದರೆ ಹುಣಸೂರಿನ ನಾವು ಕೊಡುತ್ತಿದ್ದದ್ದೇನು? ಮಾಗಿಯಲ್ಲಿ ಅವರೆಕಾಯಿ. ಸೊಗಡು ಇಳಿದ ಅವರೆಕಾಯಿಯ ಮೂಟೆ ಜಗಲಿಗೆ ಬಂದರೆ ಬೀದಿಯ ಹೆಂಗಸರೆಲ್ಲ ಸುಲಿಯಲು ಬಂದು ಕೂರುವರು. ನೆನೆಸಿದ ಕಾಳನ್ನು ಬೆರಳ ಸಂದಿಯಲ್ಲಿ ಹಿಡಿದು ಒತ್ತಿದರೆ ಬೇಳೆ ಒಂದು ಕಡೆ, ಸಿಪ್ಪೆ ಒಂದು ಕಡೆ, ಮಾತು ಎಲ್ಲ ಕಡೆ. ಹಿತಕಿದ ಬೇಳೆ ಸಾರು, ಬಿಸಿ ರಾಗಿಮುದ್ದೆ, ಕೆಳಗೆ ತಾತನ ಕಂಬಳಿ. ಬ್ರಿಟಿಷರ ಕಾಲದಲ್ಲಿ ಹುಣಸೂರಿನಲ್ಲಿ ಪಲ್ಟಣಕ್ಕೆ ಕಂಬಳಿ ನೇಯುವ, ಚರ್ಮ ಹದ ಮಾಡುವ ಕಾರ್ಖಾನೆಗಳಿದ್ದವು. ತಾತನ ಪ್ರಕಾರ ಅವರ ಕಂಬಳಿ ಆ ವಂಶದ್ದು. ಅದು ಚುಚ್ಚುವ ರೀತಿ ನೋಡಿದರೆ ಶತ್ರುಗಳಿಗಾಗಿಯೇ ನೇಯ್ದದ್ದು ಎನಿಸುತ್ತಿತ್ತು. ಆದರೂ ಒಂದು ಗಳಿಗೆ ಸಹಿಸಿಕೊಂಡರೆ ಬೆಚ್ಚಗಾಗಿ, ಬೆಳಗಿನವರೆಗೆ ಯಾರೂ ಎಬ್ಬಿಸುವ ಹಾಗಿರಲಿಲ್ಲ.

ದುಡ್ಡು ತರುತ್ತಿದ್ದದ್ದು ಹೊಗೆಸೊಪ್ಪು. ನಮ್ಮದು ಸಿಗರೇಟಿಗೆ ಹೋಗುವ ವರ್ಜೀನಿಯಾ. ಎಲೆಅಡಿಕೆಗೆ ಆಗದು. ಹೊಲದ ತುಂಬ ಹೊಗೆಸೊಪ್ಪು ನಿಂತಿದ್ದರೂ ಅಜ್ಜಿ ತನ್ನ ಬಾಯಿಗೆ ಬೇಕಾದದ್ದನ್ನು ಅಂಗಡಿಯಿಂದಲೇ ತರಿಸುತ್ತಿದ್ದಳು. ತಾತನಿಗೆ ಮನೆಯೊಳಗೆ ಬೀಡಿ ಸೇದಲು ಅಪ್ಪಣೆ ಇರಲಿಲ್ಲ. ಸೊಪ್ಪನ್ನು ಕಡ್ಡಿಗೆ ಕಟ್ಟಿ, ಅದನ್ನು ಒಣಗಿಸುವ ಬ್ಯಾರನ್ನಿಗೆ ಏರಿಸಿದರೆ ಐದಾರು ದಿನ ಬೆಂಕಿ ಕಾಯಬೇಕು. ಮೊದಲು ಎಲೆ ಹಳದಿಗೆ ತಿರುಗುವಷ್ಟು ಸಣ್ಣ ಶಾಖ, ಆಮೇಲೆ ಎಲೆ ಒಣಗುವ ಶಾಖ, ಕೊನೆಗೆ ನಡುವಿನ ದಂಟು ಒಣಗುವ ಶಾಖ. ಹೊಗೆಯೆಲ್ಲ ಕಬ್ಬಿಣದ ಕೊಳವೆಯೊಳಗೇ ಸುತ್ತಿ ಆಚೆ ಹೋಗುತ್ತದೆ. ಮುಂದೆ ಹೊಗೆಯಾಗುವುದೇ ಬದುಕಾಗಿರುವ ಎಲೆಗೆ ಇಲ್ಲಿ ಮಾತ್ರ ಹೊಗೆ ಸೋಕಬಾರದು! ರಾತ್ರಿ ಅಪ್ಪನಿಗೆ ಜೊತೆಯಾಗಿ ಮಲಗಲು ನಮಗೆ ಪೈಪೋಟಿ. ಕಾರಣ ಪಿತೃಭಕ್ತಿಯಲ್ಲ, ಒಲೆಯ ಬಾಯಿಯ ಕೆಂಡದಲ್ಲಿ ಸುಡುವ ಗೆಣಸು.

ಸೊಪ್ಪು ಮುರಿಯುವುದೂ ಕಟ್ಟುವುದೂ ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಅಲ್ಲಿ ಬರುತ್ತಿದ್ದದ್ದು ಮುಯ್ಯಾಳು. ಇವತ್ತು ಅವರ ಮನೆಯ ಇಬ್ಬರು ನಮ್ಮಲ್ಲಿಗೆ, ನಾಳಿದ್ದು ನಮ್ಮ ಇಬ್ಬರು ಅವರಲ್ಲಿಗೆ. ಕೂಲಿ ಇಲ್ಲ, ಊಟ ಉಂಟು. ಲೆಕ್ಕ ಎಲ್ಲೂ ಬರೆದಿಲ್ಲ, ಎಲ್ಲರಿಗೂ ಬಾಯಿಪಾಠ. ಒಮ್ಮೆ ಎರಡೂ ಕಡೆಯ ಲೆಕ್ಕ ಸರಿಸಮವಾಗಿಬಿಟ್ಟಿತು. ಅಜ್ಜಿ ಆ ದಿನ ಬಹಳ ಕಳವಳಪಟ್ಟಳು. ಬಾಕಿ ಇಲ್ಲದವರನ್ನು ನಾಳೆ ಯಾವ ಮುಖ ಹೊತ್ತು ಕರೆಯುವುದು? ಸಂಜೆಯೇ ಒಂದು ಮೊರ ಅವರೆಕಾಯಿ ಕಳಿಸಿ, ಅವರನ್ನು ಮತ್ತೆ ಋಣದಲ್ಲಿ ಕೆಡವಿ, ನಿಶ್ಚಿಂತೆಯಾಗಿ ಮಲಗಿದಳು.

ಗಾಳಿಯಲ್ಲಿ ಬಂದದ್ದಕ್ಕೂ ಈ ಮನೆ ಪ್ರತಿಯಾಗಿ ಏನಾದರೂ ಕೊಡದೆ ಬಿಡಲಿಲ್ಲ. ಪಡಸಾಲೆಯ ಗೂಡಿನಲ್ಲಿ ರೇಡಿಯೋ ಇತ್ತು. ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಆರಂಭಿಸಿದ ಆಕಾಶವಾಣಿ ಅದರಲ್ಲಿ ಮಾತಾಡುತ್ತಿತ್ತು. ಮನೆಯಲ್ಲಿ ಹುಟ್ಟಿದ್ದಕ್ಕೋ ಏನೋ, ನಮ್ಮ ಮನೆಗೂ ಅದು ಬೇಗ ಒಗ್ಗಿತು. ದನಗಳಿಗೆ ಬರುವ ಕಾಯಿಲೆ, ಭತ್ತಕ್ಕೆ ಬೀಳುವ ಹುಳ, ಸಿನಿಮಾ ಹಾಡು ಎಲ್ಲವನ್ನೂ ಪುಕ್ಕಟೆ ಕೊಡುತ್ತಿತ್ತು. ಅಜ್ಜಿಗೆ ಇದು ಸರಿಬರಲಿಲ್ಲ. “ಅಷ್ಟೊತ್ತಿಂದ ಹೇಳ್ತಾನೇ ಅವ್ನೆ ಪಾಪ, ನೀವು ಒಂದು ಮಾತೂ ಆಡಾಕಿಲ್ವಲ್ಲ” ಎನ್ನುವಳು. ಅಪ್ಪ ಪೋಸ್ಟ್ ಕಾರ್ಡು ತಂದು ಕೋರಿಕೆಯ ಹಾಡಿಗೆ ಬರೆದರು. ಕಾರ್ಡಿನಲ್ಲಿ ಮನೆಯವರೆಲ್ಲರ ಹೆಸರೂ ಸೇರಿತ್ತು, ಅಜ್ಜಿಯ ಒತ್ತಾಯಕ್ಕೆ ಮಳೆಬೆಳೆಯ ಸಮಾಚಾರವೂ ಸೇರಿತ್ತು.

ತಾತ ಹೋದ ಮೇಲೆ ಅಟ್ಟದ ಟ್ರಂಕು ಇಳಿಸಿದೆವು. ಅದರಲ್ಲಿ ಎರಡು ಕಾಗದದ ಕಟ್ಟು. ಒಂದರಲ್ಲಿ ನಮ್ಮ ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, 1974ರ ಭೂಸುಧಾರಣೆಯಲ್ಲಿ, ಗೇಣಿ ಜಮೀನು ತಮ್ಮದಾಗಲೆಂದು ತಾತ ಕೊಟ್ಟ ಡಿಕ್ಲರೇಷನ್, ಅಂದರೆ ಏಳನೇ ನಂಬರ್ ಫಾರಂ, ಜೊತೆಗೆ ಭೂ ನ್ಯಾಯಮಂಡಳಿಯ ಆದೇಶ. ಇನ್ನೊಂದು, ಮದುವೆಗಳ ಮುಯ್ಯಿ ಬುಕ್ಕು. ಯಾರು ಏನು ಮುಯ್ಯಿ ಮಾಡಿದರು, ಬಿಂದಿಗೆಯೋ ತಟ್ಟೆಯೋ, ಐದು ರೂಪಾಯಿಯೋ, ಎಲ್ಲ ಸಾಲಾಗಿ. ಜಮೀನಿನ ಕಾಗದ ಬರೀ ಒಂದು ನೂಲಲ್ಲಿ ಕಟ್ಟಿತ್ತು. ಮುಯ್ಯಿ ಬುಕ್ಕಿಗೆ ಮಾತ್ರ ರೇಷ್ಮೆ ಚೌಕ ಸುತ್ತಿತ್ತು. ಜಮೀನು ಋಣಮುಕ್ತವಾಗಿ ಕೈಗೆ ಬಂತೆಂದು ಸಂತೋಷಪಟ್ಟ ಅದೇ ಮನುಷ್ಯ, ನಂಟರ ಋಣವನ್ನು ಮಾತ್ರ ಪಟ್ಟುಹಿಡಿದು ಕಾಪಾಡಿಕೊಂಡಿದ್ದರು. ಎರಡೂ ಬಗೆಯ ಋಣದ ವ್ಯತ್ಯಾಸ ಅವರಿಗೆ ಗೊತ್ತಿತ್ತು. ಗೇಣಿಯ ಋಣ ತಲೆ ತಗ್ಗಿಸುತ್ತದೆ, ಮುಯ್ಯಿಯ ಋಣ ಬಾಗಿಲು ತೆರೆಸುತ್ತದೆ. ಫ್ರಾನ್ಸಿನ ಮಾರ್ಸೆಲ್ ಮಾಸ್ ಎಂಬ ಪಂಡಿತರು 1925ರಲ್ಲೇ ಉಡುಗೊರೆಯ ಬಗ್ಗೆ ದೊಡ್ಡ ಪ್ರಬಂಧ ಬರೆದು, ಕೊಡುವುದು, ಪಡೆಯುವುದು, ಮರಳಿಸುವುದು ಮೂರೂ ಸಮಾಜ ಹೊರಿಸಿದ ಹೊಣೆಗಳೆಂದು ತೋರಿಸಿದ್ದಾರೆ. ದೂರದ ದ್ವೀಪಗಳ ಉದಾಹರಣೆಗಳನ್ನೆಲ್ಲ ಅವರು ಕಷ್ಟಪಟ್ಟು ಕಲೆಹಾಕಿದರು. ನಮ್ಮ ಅಜ್ಜಿಯ ಸಾಸಿವೆ ಡಬ್ಬಿ ಕೇಳಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು.

ಈಗ ನಾನಿರುವುದು ಮೈಸೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ. ಇಲ್ಲಿ ಡಬ್ಬಿಗಳ ಜಾತಿಯೇ ಬೇರೆ. ಹೋಟೆಲಿನಿಂದ ಪಾರ್ಸೆಲ್ ಬಂದ ಪ್ಲಾಸ್ಟಿಕ್ ಡಬ್ಬಿಗೆ ಹೆಸರಿಲ್ಲ, ಊರಿಲ್ಲ, ಯಾರಿಗೂ ತಿರುಗಿ ಕೊಡಬೇಕಾಗಿಲ್ಲ. ತಂದುಕೊಟ್ಟ ಹುಡುಗನ ಮುಖ ಬಾಗಿಲು ಮುಚ್ಚುವ ಮೊದಲೇ ಮರೆತಿರುತ್ತದೆ. ಅನುಕೂಲವೇನೋ ಹೌದು, ನಾನೂ ತರಿಸಿಕೊಳ್ಳುತ್ತೇನೆ. ಅವ್ವ ಮಾತ್ರ ಆ ಡಬ್ಬಿಗಳನ್ನು ಎಸೆಯಲು ಬಿಡದೆ ತೊಳೆದು ಜೋಡಿಸಿಡುತ್ತಾಳೆ. ಒಮ್ಮೆ ಮೇಲಿನ ಮನೆಯ ಉತ್ತರದ ಕಡೆಯ ಹುಡುಗಿಗೆ ಒಂದು ಸ್ಟೀಲ್ ಡಬ್ಬಿಯಲ್ಲಿ ಹಿತಕಿದ ಬೇಳೆ ಸಾರು ಕೊಟ್ಟಳು. ಮಾರನೆಯ ಬೆಳಿಗ್ಗೆಯೇ ಡಬ್ಬಿ ಥಳಥಳ ಹೊಳೆಯುತ್ತ, ನಗುಮುಖದ ಥ್ಯಾಂಕ್ಸ್ ಸಮೇತ, ಪೂರ್ತಿ ಖಾಲಿಯಾಗಿ ವಾಪಸು ಬಂತು. ಅವ್ವ ಕುಸಿದು ಕೂತಳು. “ಖಾಲಿ ಡಬ್ಬಿ ಕೊಟ್ರೆ ನಂಟುತನ ಮುಗೀತು ಅಂದಂಗಲ್ವೇನ್ಲಾ? ಒಂದ್ ಹಿಡಿ ಸಕ್ರೆನಾರ ಇರ್ಲಿಲ್ವ ಮನೇಲಿ?” ಅವರಲ್ಲಿ ಹಾಗಿಲ್ಲ ಎಂದು ನಾನು ಸಮಾಧಾನ ಹೇಳಿದೆ. ಬೈಲಕುಪ್ಪೆಯ ಟಿಬೆಟ್ಟಿನವರಲ್ಲಿ ಇರುವುದು ಇವರಲ್ಲಿ ಯಾಕಿಲ್ಲ ಎಂದಳು. ಅವ್ವ ಸೋಲೊಪ್ಪುವವಳಲ್ಲ, ಚಿಗಳಿ ತಂಬಿಟ್ಟು ಕಳಿಸಿದಳು, ಕಜ್ಜಾಯ ಕಳಿಸಿದಳು. ಕೊನೆಗೊಂದು ದಿನ ಆ ಹುಡುಗಿ ಡಬ್ಬಿಯ ತುಂಬ ಗುಜಿಯಾ ಹಿಡಿದು ಬಂದಳು. ಬಿಚ್ಚಿ ನೋಡಿದ ಅವ್ವನಿಗೆ ಅದರಲ್ಲೂ ಕರಿದ ಕಡುಬೇ ಕಂಡಿತು. ಸಿಹಿಯೂ ಸರಿಯಾಗಿತ್ತು.

ಹೋದ ಮಾಘದಲ್ಲಿ ಮುಯ್ಯಿ ಬುಕ್ಕಿನ ಮೊದಲ ಪುಟದಲ್ಲೇ ಹೆಸರಿರುವ ಸಾಲಿಗ್ರಾಮದ ಕಡೆಯ ಮನೆತನದಿಂದ ಲಗ್ನಪತ್ರಿಕೆ ಬಂತು. ಮೂರನೆಯ ತಲೆಮಾರಿನ ಹುಡುಗ, ಬೆಂಗಳೂರಿನಲ್ಲಿ ಕೆಲಸ. ಪತ್ರಿಕೆಯ ಕೆಳಗೆ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚಾಗಿತ್ತು. ನಾನು ಓದಿ ಹೇಳಿದೆ. ಅವ್ವ ಇನ್ನೊಂದು ಸಲ ಓದಿಸಿದಳು.

“ಆಶೀರ್ವಾದ ನಾನೂ ಮಾಡ್ತೀನಿ, ಬ್ಯಾಡ ಅಂದೋರ್ಯಾರು? ಆದ್ರೆ ಆಶೀರ್ವಾದನ ಬುಕ್ಕಲ್ಲಿ ಬರ್ಕೊಳ್ಳಕ್ಕಾಯ್ತದಾ? ನಾಳೆ ನಿನ್ ಮಗಳ ಮದ್ವೆಗೆ ಅವ್ರು ಯಾವ ಬಾಕಿಗೆ ಅಂತ ಬತ್ತಾರೆ?”

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮದುವೆಯ ಹಿಂದಿನ ದಿನ ಪಾತ್ರೆ ಅಂಗಡಿಗೆ ಕರೆದುಕೊಂಡು ಹೋದೆ. ಮುಚ್ಚಳ ಬಿಗಿಯಾಗಿ ಕೂರುವ ಒಂದು ದೊಡ್ಡ ಸ್ಟೀಲ್ ಡಬ್ಬಿ ಆರಿಸಿದಳು. ಈಗ ಉಳಿ ಇಲ್ಲ, ಹೆಸರು ಕೊರೆಯಲು ಕರೆಂಟಿನ ಮಿಷನ್ನು ಬಂದಿದೆ. ವಧೂವರರ ಹೆಸರು ಹಾಕಲೇ ಎಂದು ಅಂಗಡಿಯ ಹುಡುಗ ಕೇಳಿದ.

“ಅವ್ರ ಹೆಸ್ರು ಅವ್ರಿಗೆ ಗೊತ್ತಿಲ್ವಾ? ನಮ್ ಹೆಸ್ರು ಹಾಕಪ್ಪ, ಊರೂ ಹಾಕು” ಎಂದಳು ಅವ್ವ. ಮಿಷನ್ನು ಗುಂಯ್‌ಗುಟ್ಟಿ ಎರಡು ಸಾಲು ಕೊರೆದು ನಿಂತಿತು. ಡಬ್ಬಿಯನ್ನು ಆಚೀಚೆ ತಿರುಗಿಸಿ ನೋಡಿದವಳು ಕೆಳಗಡೆ ಇನ್ನೂ ಜಾಗ ಇದೆ ಎಂದು ಬೆರಳಿಟ್ಟು ತೋರಿಸಿದಳು. “ಇಲ್ಲಿ ಒಂದು ಫೋನ್ ನಂಬರ್ ಹಾಕ್ಬುಡು ಮಗ. ವಾಪಸ್ ಕೊಡ್ವಾಗ ಅವ್ರಿಗೆ ತೊಂದ್ರೆ ಆಗ್ಬಾರ್ದು.”